ಇನ್ನೂ ಬಾರದ ಪೆಟ್ಟಿಗೆಗೆ ಗೂಡು ಕಟ್ಟಿಸಿದ್ದು

ಹೊಸ ಗೇಮಿನ ಪೆಟ್ಟಿಗೆ ಬರುತ್ತದೆ ಎಂಬ ಸುದ್ದಿ ಯಾವ ದೇಶದಲ್ಲಿ ಹುಟ್ಟಿದರೂ, ಅದು ಹೇಗಿರಬೇಕು ಎಂಬ ಜಗಳ ಮಾತ್ರ ಆಳಂದದಲ್ಲಿ ನನ್ನ ಅಂಗಡಿಯ ಮೆಟ್ಟಿಲ ಮೇಲೆಯೇ ತೀರ್ಮಾನವಾಗಬೇಕು. ನಾನು ಟಿವಿ, ಮಿಕ್ಸರ್ ರಿಪೇರಿ ಮಾಡುವವನು. ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳು ನಮ್ಮ ಕಡೆ ಬಂದ ಮೇಲೆ ಅವುಗಳ ಹೊಟ್ಟೆ ಬಿಚ್ಚುವ ಕೆಲಸವೂ ನನಗೇ ಬಂತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ಈ ವಿಷಯದಲ್ಲಿ ನನ್ನದೇ ಕೊನೆಯ ಮಾತು. ಇದನ್ನು ನಾನು ಹೇಳುತ್ತಿಲ್ಲ, ಜನ ಹೇಳುತ್ತಾರೆ. ಜನ ಹೇಳದಿದ್ದರೆ ನಾನೇ ಹೇಳುತ್ತೇನೆ.

ಈ ಸಲ ಮಾತಿನ ಜೊತೆ ಒಂದು ಗೋಡೆಯೂ ಸಿಕ್ಕಿಕೊಂಡಿತು. ಜೇವರ್ಗಿಯ ವಕೀಲರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ನಲವತ್ತೈದು ದಾಟಿದ್ದರೂ ಗೇಮಿನ ಹುಚ್ಚು ಬಿಟ್ಟಿರಲಿಲ್ಲ. ಅವರ ಹೆಂಡತಿ ಕಾಲೇಜಿನಲ್ಲಿ ಗಣಿತ ಕಲಿಸುವವರು. ಲೆಕ್ಕದಲ್ಲೇ ಕರಾರು ಹಾಕಿದರು: "ಗ್ವಾಡ್ಯಾಗ ಒಂದು ಗೂಡು ಮಾಡಸ್ರಿ. ಹೊಸ ಪೆಟ್ಟಿಗಿ ಅದರಾಗ ಪೂರಾ ಕುಂತ್ರ ಇರ್ಲಿ. ಒಂದು ಬೆರಳು ಹೊರಗ ಬಂದ್ರೂ ಪೆಟ್ಟಿಗಿ ಮನಿ ಬಿಟ್ಟು ಹೊರಗ."

ಪೆಟ್ಟಿಗೆ ಇನ್ನೂ ಬಂದಿಲ್ಲ, ಗೋಡೆ ಏಳುತ್ತಿದೆ. ವಕೀಲರು ನನಗೆ ಫೋನ್ ಮಾಡಿದರು. "ಅಳತಿ ನೀವೇ ಹೇಳಬೇಕ್ರಿ. ನನ್ನ ಸುಖ ದುಃಖ ಎಲ್ಲಾ ನಿಮ್ಮ ಕೈಯಾಗದ."

"ಫಿಕರ್ ಮಾಡಬ್ಯಾಡ್ರಿ," ಎಂದೆ. ನನಗೆ ಅಳತೆ ಗೊತ್ತಿರಲಿಲ್ಲ. ಆದರೆ ಗೊತ್ತಾಗುತ್ತದೆ ಎಂಬ ಧೈರ್ಯವಿತ್ತು.

ನಿಲ್ಲುವುದೋ, ಮಲಗುವುದೋ

ಆಗ ಎಲ್ಲರ ಮೊಬೈಲಿನಲ್ಲೂ ಒಂದು ಮಸುಕು ಫೋಟೋ ಓಡಾಡುತ್ತಿತ್ತು. ಮುಂದೆ ಬರುವ ಪೆಟ್ಟಿಗೆ ಇದೇ ಎಂದು ಅದರ ಕೆಳಗೆ ಬರೆದಿತ್ತು. ಅಂಗಡಿಗೆ ಬಂದ ಬಟ್ಟೆ ವ್ಯಾಪಾರಿ, "ಇದು ನಿಂದರೂ ಪೆಟ್ಟಿಗಿ" ಎಂದರು. ಪಕ್ಕದ ಔಷಧ ಅಂಗಡಿಯವರು, "ಇಲ್ರಿ, ಮಲಗೂ ಪೆಟ್ಟಿಗಿ. ಫೋಟೋ ತೆಗದಾವ ಅಡ್ಡ ಹಿಡದಾನ" ಎಂದರು. ಇಬ್ಬರೂ ಅಂಗಡಿ ಬಿಟ್ಟು ಬಂದವರು ಒಂದು ತಾಸು ವಾದಿಸಿದರು.

ನಾನು ಫೋಟೋ ದೊಡ್ಡದು ಮಾಡಿ ನೆರಳು ನೋಡಿ ತೀರ್ಪು ಕೊಟ್ಟೆ: ನಿಲ್ಲುತ್ತದೆ. ಒಂದು ಮೊಳ ಎತ್ತರ. ಮೇಲಿನ ದೀಪ ಪವರ್‌ಗೆ, ಕೆಳಗೆ ಮುಂದಕ್ಕೆ ಚಾಚಿದ್ದು ಚಾರ್ಜಿಂಗ್‌ಗೆ. ಇಬ್ಬರೂ ತಲೆದೂಗಿದರು. ಇಂಥ ವಿಷಯದಲ್ಲಿ ನನಗೆ ತಡ ಆಗುವುದಿಲ್ಲ.

ಮಿಕ್ಸರ್ ಜಾರು ಒಯ್ಯಲು ಬಂದಿದ್ದ ಒಬ್ಬ ತಾಯಿ ಬಗ್ಗಿ ನೋಡಿ, "ಇದೇನ್ರಿ, ನಮ್ಮ ಮನಿ ನೀರಿನ ಫಿಲ್ಟರ್ ಫೋಟೋ ನಿಮ್ಮ ಹತ್ರ ಹ್ಯಾಂಗ ಬಂತು?" ಎಂದರು. ನಾವು ನಕ್ಕೆವು. ಅವರು ಮನೆಗೆ ಹೋಗಿ ತಮ್ಮ ಫಿಲ್ಟರಿನ ಫೋಟೋ ಕಳಿಸಿದರು. ಅದೇ ಬಣ್ಣ, ಅದೇ ದೀಪ, ಅದೇ ಎತ್ತರ.

ನಾವು ಮೂವರೂ ಒಮ್ಮತದಿಂದ ಚಾರ್ಜಿಂಗ್‌ಗೆ ಎಂದು ಒಪ್ಪಿಕೊಂಡಿದ್ದು ಅದರ ನಲ್ಲಿ.

ಅಷ್ಟರಲ್ಲಿ ಜೇವರ್ಗಿಗೆ ಒಂದು ಮೊಳ ಎಂದು ಹೇಳಿಯಾಗಿತ್ತು. ಹೇಳಿದ್ದನ್ನು ಬದಲಿಸುವ ಚಾಳಿ ನನಗಿಲ್ಲ.

ಕಿಣ್ಣಿ ಸುಲ್ತಾನದ ಕೂಲರ್

ಕಿಣ್ಣಿ ಸುಲ್ತಾನದಲ್ಲಿ ಒಬ್ಬ ಜಮೀನುದಾರರಿದ್ದಾರೆ. ಹಗಲೆಲ್ಲ ತೊಗರಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ, ಮನೆಗೆ ಬಂದು ಗೇಮಿನಲ್ಲಿ ಮತ್ತೆ ಟ್ರ್ಯಾಕ್ಟರ್ ಓಡಿಸುವವರು. ಯಾಕ್ರಿ ಎಂದು ಕೇಳಿದರೆ, "ಇಲ್ಲಿ ಮಳಿ ಟೈಮಿಗಿ ಬರ್ತದ" ಎನ್ನುತ್ತಾರೆ. ಅವರ ಪೆಟ್ಟಿಗೆ ಕೆಟ್ಟು ನನ್ನನ್ನು ಕರೆಸಿದ್ದರು.

ಬಿಚ್ಚುವ ಮೊದಲೇ ಕೇಳಿದರು: "ಮುಂದ ಬರೂ ಪೆಟ್ಟಿಗ್ಯಾಗ ಫ್ಯಾನ್ ಎಷ್ಟವ?"

"ಒಂದು ಅಂತಾರ್ರಿ."

"ಒಂದಾ? ಅದನ್ನ ಮಾಡಾಕತ್ತವ್ರು ನಮ್ಮ ಬ್ಯಾಸಗಿ ನೋಡ್ಯಾರೇನು? ಮೇ ತಿಂಗಳದಾಗ ಒಂದ್ಸಲ ಕರಸ್ರಿ ಅವ್ರನ್ನ. ಊಟ ನಾನೇ ಹಾಕ್ತೇನಿ."

ಸ್ಕ್ರೂ ತೆಗೆದೆ. ಒಳಗೆಲ್ಲ ತುಕ್ಕು, ತಳದಲ್ಲಿ ನೀರು. ನೋಡಿದರೆ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಮನೆಯ ಒಂದೇ ಒಂದು ಕೂಲರನ್ನು ಅದರ ಮುಖಕ್ಕೆ ತಿರುಗಿಸಿದ್ದರು. ಬಾಗಿಲ ಬಳಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ ಅವರ ಹೆಂಡತಿ, "ಅದಕ್ಕ ಸಾಕಾಗಿ ಉಳದಿದ್ದು ನಮಗ್ರಿ" ಎಂದರು.

"ಇವ್ರ ಮಾತು ಬಿಡ್ರಿ," ಎಂದರು ಜಮೀನುದಾರರು. "ಮೊದಲ ಯಾರೂ ನನ್ನ ಗೇಮ್ ನೋಡ್ತಿದ್ದಿಲ್ಲ. ಈ ಬ್ಯಾಸಗ್ಯಾಗ ಬಂದ ಬೀಗರು ಒಬ್ಬರೂ ಪೆಟ್ಟಿಗಿ ಬಾಜೂಕ ಬಿಟ್ಟು ಏಳಲಿಲ್ಲ. ಅಷ್ಟು ಆಸಕ್ತಿ!"

ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಎಲ್ಲರೂ ಟಿವಿಗಿ ಬೆನ್ನು ಮಾಡಿ ಕುಂತಿದ್ರು."

ಆದರೂ ಸೆಕೆಯ ಮಾತು ಖರೆ. ಅವತ್ತೇ ವಕೀಲರಿಗೆ ಫೋನ್ ಮಾಡಿ, ಗೂಡಿನ ಹಿಂದೆ ಬಿಸಿ ಗಾಳಿ ಹೊರಗೆಳೆಯುವ ಒಂದು ಸಣ್ಣ ಫ್ಯಾನ್ ಕೂಡಿಸಲು ಹೇಳಿದೆ.

ಚೌಡಾಪುರದ ರೋಗ

ಉಳಿದದ್ದು ಒಂದೇ ಪ್ರಶ್ನೆ. ಹೊಸ ಪೆಟ್ಟಿಗೆಗೆ ಡಿಸ್ಕ್ ಹಾಕುವ ಸೀಳು ಇರುತ್ತದೋ ಇಲ್ಲವೋ? ಇದ್ದರೆ ಗೂಡಿನಲ್ಲಿ ಕೈ ಆಡಲು ಒಂದು ಗೇಣು ಜಾಗ ಬೇಕು. ಅಫಜಲಪುರದ ಕಡೆಯ ಒಬ್ಬ ದನದ ಡಾಕ್ಟರು ಡಿಸ್ಕ್ ಕೂಡಿಡುವವರು. ಅವರೂ ನಾನೂ ಚೌಡಾಪುರದ ಚಹಾ ಹೋಟೆಲಿನಲ್ಲಿ ಕೂತೆವು. ಪಕ್ಕದ ಬೆಂಚಿನಲ್ಲಿ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೊರಟಿದ್ದ ಒಬ್ಬ ಅಜ್ಜ ಚಹಾ ಕುಡಿಯುತ್ತಿದ್ದ.

ಡಾಕ್ಟರು ಬೇಜಾರಿನಲ್ಲಿದ್ದರು. "ಈ ಸಲ ಬಾಯೇ ಇರಂಗಿಲ್ಲಂತ. ಬಾಯಿ ಇಲ್ಲ ಅಂದ್ರ ತಿನ್ಸೂದು ಹ್ಯಾಂಗ್ರಿ?"

"ಗಾಳ್ಯಾಗ ತಿಂತದ್ರಿ," ಎಂದೆ. ನೆಟ್‌ವರ್ಕಿನಿಂದ ಗೇಮ್ ಇಳಿಸಿಕೊಳ್ಳುತ್ತದೆ ಎಂಬುದು ನನ್ನ ಅರ್ಥ.

"ಮೈ ಭಾಳ ಬಿಸಿ ಆಗ್ತದಂತ. ಗೊರಗೊರ ಸಪ್ಪಳನೂ ಮಾಡ್ತದಂತ."

"ಹಿಂದ ತೂತು ಅವಲ್ರಿ, ಅಲ್ಲಿಂದ ಬಿಸಿ ಹೊರಗ ಹೋಗ್ತದ."

ಅಜ್ಜ ಚಹಾದ ಬಸಿಯನ್ನು ಕೆಳಗಿಟ್ಟ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. "ಡಾಕ್ಟರ್ ಸಾಹೇಬ್ರ, ನೀವು ಓದಿದವ್ರು, ನಾ ಹೇಳಬಾರದು. ಆ ಎಮ್ಮಿ ಈಗ ಎಷ್ಟು ದಿನದಿಂದ ಹಿಂಗದ?"

ಡಾಕ್ಟರು ಪೆಟ್ಟಿಗೆಯ ಚಿಂತೆಯಲ್ಲೇ ಇದ್ದರು. "ಅದು ಇನ್ನ ಹುಟ್ಟೇ ಇಲ್ಲ ಮುತ್ಯಾ. ಮುಂದಿನ ವರ್ಷ ಬರ್ತದ."

ಅಜ್ಜ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡ. "ಹುಟ್ಟೂಕಿಂತ ಮೊದಲ ಇಷ್ಟು ಬ್ಯಾನಿ ಅವ ಅಂದ್ರ, ನೀವು ಮೊದಲ ಅದರ ಅವ್ವನ್ನ ನೋಡ್ರಿ."

ಜೇವರ್ಗಿಯ ಗೂಡು

ಕೊನೆಗೂ ಪೆಟ್ಟಿಗೆ ಬಂತು. ಮನೆಯೂ ಮುಗಿದಿತ್ತು. ಗೂಡು ನೋಡಬೇಕಿತ್ತು ನೀವು: ಒಳಗೆ ನುಣುಪು ಕಲ್ಲು, ಮೇಲೆ ಸಣ್ಣ ದೀಪ, ಹಿಂದೆ ಫ್ಯಾನ್, ಪಕ್ಕದಲ್ಲಿ ಡಿಸ್ಕಿಗೆಂದು ಒಂದು ಗೇಣು ಜಾಗ. ವಕೀಲರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಕೂಡಿಸಿದರು. ಎತ್ತರ ಬರೋಬ್ಬರಿ. ಅಗಲ ಬರೋಬ್ಬರಿ. ಮುಂದಕ್ಕೆ ಮಾತ್ರ ಎರಡು ಬೆರಳು ಹೊರಗೆ ನಿಂತಿತು.

ಮೂರು ತಾಲ್ಲೂಕಿನ ಜನ ಸೇರಿ ಎತ್ತರ ಅಗಲ ವಾದಿಸಿದ್ದೆವು. ಆಳ ಎಷ್ಟು ಎಂದು ಒಬ್ಬರೂ ಕೇಳಿರಲಿಲ್ಲ. ಫೋಟೋದಲ್ಲಿ ಬೆನ್ನು ಕಾಣುವುದಿಲ್ಲವಲ್ಲ! ಗಣಿತದ ಮೇಡಂ ಬೆರಳು ಇಟ್ಟು ಅಳೆದರು. "ಎರಡು. ಸೋಮವಾರದೊಳಗ ಹೊರಗ." ಕೋರ್ಟಿನಲ್ಲಿ ದಿನಗಟ್ಟಲೆ ವಾದ ಮಾಡುವ ವಕೀಲರು ಪೆಟ್ಟಿಗೆಯನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ನನಗೆ ನಿಜಕ್ಕೂ ಕೆಟ್ಟದೆನಿಸಿತು.

ಅಷ್ಟರಲ್ಲಿ ವಕೀಲರ ತಾಯಿ ಬಂದು ಖಾಲಿ ಗೂಡು ನೋಡಿದರು. ಫ್ಯಾನ್ ಹಾಕಿಸಿ ನೋಡಿದರು. "ಧೂಪದ ಹೊಗಿ ಹೋಗಲಿಕ್ಕ ಎಷ್ಟು ಛಂದ ವ್ಯವಸ್ಥಾ ಮಾಡೀರಪ್ಪ!" ಎನ್ನುತ್ತ, ಹಳೆಯ ಮನೆಯಿಂದ ತಂದಿದ್ದ ಸಾಗವಾನಿ ಮಂಟಪದಲ್ಲಿದ್ದ ದೇವರನ್ನೆಲ್ಲ ಗೂಡಿಗೆ ಕೂಡಿಸಿಬಿಟ್ಟರು. ಹೊಸ ಗೋಡೆ ಕಪ್ಪಾಗುವುದಿಲ್ಲವೆಂದು ಮೇಡಂ ಕೂಡ ಒಪ್ಪಿದರು. ಮಂಟಪ ಖಾಲಿಯಾಯಿತು. ಸೋಮವಾರದ ತನಕ ಇರಲಿ ಎಂದು ವಕೀಲರು ಪೆಟ್ಟಿಗೆಯನ್ನು ಅದರಲ್ಲಿಟ್ಟರು. ಕೆತ್ತಿದ ಕಂಬಗಳ ನಡುವೆ ಅದು ಒಂದು ಕೂದಲೂ ಹೊರಬರದಂತೆ ಕೂತಿತು. ಆದರೆ ಕರಾರು ಗೂಡಿನದು, ಮಂಟಪದ್ದಲ್ಲ ಎಂದರು ಮೇಡಂ.

ಒಂದು ದಿನವಾದರೂ ಆಡಲಿ ಎಂದು ಭಾನುವಾರ ಬೆಳಿಗ್ಗೆ ನಾನು ಹೋಗಿ ವೈರು ಜೋಡಿಸಿದೆ. ಪೆಟ್ಟಿಗೆ ಮೊದಲ ಅಪ್‌ಡೇಟ್ ಎಳೆದುಕೊಳ್ಳುತ್ತಿತ್ತು. ಟಿವಿ ಬಂದ್ ಇತ್ತು. ಮಂಟಪದೊಳಗೆ ನೀಲಿ ದೀಪ ಮಾತ್ರ ಮಿಣುಕುತ್ತಿತ್ತು. "ಈಗ ಕರೆಂಟ್ ಹೋದ್ರ ಪೆಟ್ಟಿಗಿ ಹೋತು ಅಂತ ತಿಳೀರಿ," ಎಂದು ನಾನೇ ಹೆದರಿಸಿದ್ದೆ. ವಕೀಲರು ಸ್ನಾನ ಮಾಡಿ, ಚಕ್ಕಳಮಕ್ಕಳ ಹಾಕಿ ಎದುರು ಕೂತು, ಕೈಮುಗಿದು, ಕಣ್ಣಲ್ಲಿ ನೀರು ತಂದುಕೊಂಡು, "ಹೋಗಬ್ಯಾಡಪ್ಪ, ಇದೊಂದು ಸಲ ಹೋಗಬ್ಯಾಡ" ಎಂದು ಕರೆಂಟನ್ನು ಬೇಡಿಕೊಳ್ಳುತ್ತಿದ್ದರು.

ಆಗಲೇ ಮೇಡಂ ಅವರ ತಂದೆ ಊರಿಂದ ಬಂದು ಬಾಗಿಲಲ್ಲಿ ನಿಂತರು. ಹಣೆತುಂಬ ವಿಭೂತಿ ಧರಿಸಿದ ಹಿರಿಯರು. ಅಳಿಯನನ್ನು ನೋಡಿದರು, ಮಂಟಪ ನೋಡಿದರು. ಚಪ್ಪಲಿ ಬಿಟ್ಟು ಒಳಬಂದು, ಹಣೆ ನೆಲಕ್ಕೆ ಹಚ್ಚಿ ನಮಸ್ಕರಿಸಿದರು. ನಂತರ ನನ್ನ ಕಿವಿಯಲ್ಲಿ, "ಇದು ಯಾವ ಸ್ವಾಮಿ?" ಎಂದರು.

"ಹೊಸದಾಗಿ ಬಂದದ್ರಿ," ಎಂದೆ. ಸುಳ್ಳು ಹೇಳಲಿಲ್ಲ.

ಅಡುಗೆಮನೆಯಿಂದ ಮಗಳು ಬರುವಷ್ಟರಲ್ಲಿ ಹಿರಿಯರು ಅಳಿಯನ ಪಕ್ಕದಲ್ಲೇ ಕೈಮುಗಿದು ಕೂತಿದ್ದರು. "ನಾನೂ ಇಷ್ಟು ವರ್ಷ ಪೂಜಾ ಮಾಡೇನವ್ವ. ಹೋಗಬ್ಯಾಡ ಅಂತ ಹಿಂಗ ಒಂದಿನಾನೂ ಅತ್ತಿಲ್ಲ. ಎಂಥ ಅಳಿಯ ಸಿಕ್ಕಾನ ನನಗ! ಈ ಮಂಟಪ ಇಲ್ಲಿಂದ ಕದಲಿಸಬ್ಯಾಡ."

ಮೇಡಂ ಗಂಡನನ್ನು ನೋಡಿದರು, ನನ್ನನ್ನು ನೋಡಿದರು, ಅಪ್ಪನ ಹಣೆಗೆ ಅಂಟಿದ ನೆಲದ ಧೂಳನ್ನು ನೋಡಿದರು. ನೀವು ನಮಸ್ಕಾರ ಮಾಡಿದ್ದು ಗೇಮಿನ ಪೆಟ್ಟಿಗೆಗೆ ಎಂದು ಯಾವ ಮಗಳು ಹೇಳಿಯಾಳು? "ಆಗ್ಲಿ ಅಪ್ಪಾ," ಎಂದರು.

ಹಾಗೆ ಪೆಟ್ಟಿಗೆ ಉಳಿಯಿತು. ನನ್ನ ಮಾತೂ ಉಳಿಯಿತು ಎಂದೇ ನಾನು ತಿಳಿದಿದ್ದೇನೆ. ಮೊನ್ನೆ ಮುಂಜಾನೆ ವಕೀಲರ ಫೋನ್ ಬಂತು. ದನಿ ಬಹಳ ತಗ್ಗಿತ್ತು.

"ಮಾವನವ್ರು ಈಗ ತಿಂಗಳಿಗೊಮ್ಮೆ ಬರ್ತಾರ್ರಿ. ಅವ್ರು ಇರೂತನ ಐದಕ್ಕ ಎದ್ದು, ತಣ್ಣೀರು ಸ್ನಾನ ಮಾಡಿ, ಪೆಟ್ಟಿಗಿ ಮುಂದ ಒಂದು ತಾಸು ಕೈಮುಗದು ಕೂಡಬೇಕ್ರಿ. ಆಡೂಹಂಗೂ ಇಲ್ಲ."

ಹಿಂದಿನಿಂದ ಮೇಡಂ ದನಿ ಕೇಳಿಸಿತು: "ಇನ್ನ ಅರ್ಧ ತಾಸು ಅದ. ಫೋನ್ ಇಟ್ಟು ಕೂಡ್ರಿ. ಅಪ್ಪ ನೋಡಾಕತ್ತಾರ, ಜರಾ ಕಣ್ಣಾಗ ನೀರು ತರ್ರಿ."