ರಂಗವನ್ನು ಮೆಲ್ಲಗೆ ತಿರುಗಿಸುವ ಡ್ರೈವ್ ಮಹಾಶಯರ ಮೇಲೊಂದು ದೂರು

ಮಾನ್ಯ ಡ್ರೈವ್ ಮಹಾಶಯರೇ,

ನಾಟಕಮಂದಿರದ ರಂಗದಡಿಯ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮೋಟಾರಿನ ವೇಗಕ್ಕೆ ಕಡಿವಾಣ ಹಿಡಿದು, ಹಸಿರು ಅಂಕಿಗಳನ್ನು ಮಿನುಗಿಸುತ್ತ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ಅದೇ ಕೋಣೆಯ ಸ್ಟೂಲಿನ ಮೇಲೆ ಹತ್ತೊಂಬತ್ತು ವರ್ಷ ಕುಳಿತು ಸವೆದ ಮೆಕ್ಯಾನಿಕ್ಕನ ಸಾವಿರ ನಮಸ್ಕಾರಗಳು.

ತಾವು ದಯಮಾಡಿಸುವ ಮೊದಲು ಇಲ್ಲಿನ ತಿರುಗುವ ರಂಗವನ್ನು ನಾನು ತಿರುಗಿಸುತ್ತಿದ್ದೆ. ಗುಂಡಿ ಒತ್ತಿದರೆ ಸಾಕು, ಮೋಟಾರು ಒಂದೇ ಗುಟುಕಿಗೆ ಪೂರ್ತಿ ಕರೆಂಟು ಕುಡಿದು, ಕೆರಳಿದ ಗೂಳಿಯಂತೆ ರಂಗವನ್ನು ಎಳೆಯುತ್ತಿತ್ತು. ಆದ್ದರಿಂದ ನಾನು ಮೊದಲೇ ಹಲಗೆಗಳ ಸಂದಿಗೆ ಬಾಯಿಟ್ಟು ಮೆಲುದನಿಯಲ್ಲಿ "ಹಿಡ್ಕೊಳ್ಳಿ!" ಎನ್ನುತ್ತಿದ್ದೆ, ಮೇಲಿದ್ದವರು ಕುರ್ಚಿಯನ್ನೋ ಕಂಬವನ್ನೋ ಒಬ್ಬರನ್ನೊಬ್ಬರೋ ಹಿಡಿದುಕೊಳ್ಳುತ್ತಿದ್ದರು. ನಮ್ಮ ಪ್ರೇಮದೃಶ್ಯಗಳಿಗೆ ಬಂದ ಹೊಗಳಿಕೆಯಲ್ಲಿ ಅರ್ಧ ಪಾಲು ಆ ಜರ್ಕಿಗೇ ಸಲ್ಲಬೇಕು.

ಹೋದ ವರ್ಷ ಒಂದು ಸಂಜೆ ನನಗೆ ಕೆಮ್ಮು ಬಂತು. ಮಾತು ಬಾಯಲ್ಲೇ ಉಳಿಯಿತು, ಬೆರಳು ಮಾತ್ರ ಗುಂಡಿ ಒತ್ತಿತು. ಬಿದ್ದವಳು ತಂಡದ ಹಿರಿಯ ನಟಿ, ನನ್ನ ಒಡಹುಟ್ಟಿದ ಅಕ್ಕ. ಮಂಡಿಚಿಪ್ಪು ಎರಡು ಹೋಳಾಯಿತು. ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಮೂರು ದಿನದಲ್ಲಿ ಮರೆತುಬಿಡುತ್ತಿದ್ದೆ. ಜರ್ಕ್ ಹೊಡೆಯುವ ಜಾಗದಲ್ಲಿ ಇನ್ನು ನಿಲ್ಲಕೂಡದೆಂದು ವೈದ್ಯರು ಅಪ್ಪಣೆ ಮಾಡಿದಾಗ, "ಹಾಗಾದ್ರೆ ಜರ್ಕ್ ತೆಗೀರಿ, ನನ್ನನ್ಯಾಕೆ ತೆಗೀತೀರಿ?" ಎಂದಳು. ಹೀಗೆ ತಮ್ಮ ಆಗಮನವಾಯಿತು.

ತಮ್ಮನ್ನು ಪ್ರತಿಷ್ಠಾಪಿಸಿದ ಎಂಜಿನಿಯರಮ್ಮ ತಮ್ಮ ಗುಣಗಳನ್ನು ಬಾಯ್ತುಂಬ ಹೊಗಳಿದರು: ತಾವು ಕರೆಂಟಿನ ಫ್ರೀಕ್ವೆನ್ಸಿಯನ್ನು ಸೊನ್ನೆಯಿಂದ ಹದವಾಗಿ ಏರಿಸುತ್ತೀರಂತೆ, ಅದಕ್ಕೆ ತಕ್ಕ ವೋಲ್ಟೇಜನ್ನೂ ಅಳೆದು ಕೊಡುತ್ತೀರಂತೆ, ಹಾಗಾಗಿ ನಿಧಾನವಾಗಿ ತಿರುಗುವಾಗಲೂ ಟಾರ್ಕ್, ಅಂದರೆ ತಿರುಗಿಸುವ ಕಸುವು, ತಮ್ಮ ಹಿಡಿತದಲ್ಲೇ ಇರುತ್ತದಂತೆ. ನಾನು ತಲೆಯಾಡಿಸಿದೆ. ಮೋಟಾರು ಎಷ್ಟು ಆಂಪಿಯರಿನದು ಎಂದು ಅವರು ಕೇಳಿದರು. ಆ ಅಂಕಿ ಬರೆದಿದ್ದ ಫಲಕದ ಮೇಲೆ ನಾನೇ ಎಂದೋ ಬಣ್ಣ ಬಳಿದಿದ್ದೆನಾದ್ದರಿಂದ, ಹಳಬನ ಗತ್ತಿನಲ್ಲಿ "ಹನ್ನೊಂದು, ಬರ್ಕೊಳ್ಳಿ" ಎಂದೆ. ಈ ಸಂಗತಿಯನ್ನು ದೂರಿನಲ್ಲಿ ಸೇರಿಸುವ ಅಗತ್ಯವಿರಲಿಲ್ಲ, ಆದರೆ ಪ್ರಾಮಾಣಿಕತೆ ನನ್ನ ಹಳೆಯ ಚಟ.

ಖಾಲಿ ರಂಗದ ತಾಲೀಮಿನಲ್ಲಿ ತಾವು ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗಿಸಿದಿರಿ. ಮೊದಲ ಪ್ರದರ್ಶನದ ಸಂಜೆ ಮರದ ಮೆಟ್ಟಿಲು, ಬೀರು, ಒಂಬತ್ತು ಜನ ರಂಗವೇರಿದರು ನೋಡಿ, ಕಾಲು ಸುತ್ತು ತಿರುಗಿಸಿ, ಕೆಂಪು ದೀಪ ಹೊತ್ತಿಸಿ ಧರಣಿ ಕುಳಿತಿರಿ. ಪ್ರೇಕ್ಷಕರಿಗೆ ಬಲಗಡೆ ರೈಲು ನಿಲ್ದಾಣವೂ, ಎಡಗಡೆ ರಂಗದ ಹಿಂಬದಿಯಲ್ಲಿ, ಮೊದಲ ಅಂಕದಲ್ಲೇ ಗುಂಡೇಟಿಗೆ ಸತ್ತಿದ್ದ ಚಿಕ್ಕಪ್ಪನ ಪಾತ್ರಧಾರಿ ಸೊರಸೊರ ಟೀ ಹೀರುತ್ತಿರುವುದೂ ಒಟ್ಟಿಗೇ ಕಂಡವು. ನಿಲ್ದಾಣದ ಬೆಂಚಿನಲ್ಲಿ ಕುಳಿತಿದ್ದ ಅಕ್ಕ ಅತ್ತ ತಿರುಗಿ, "ಸತ್ತೋರಿಗೂ ಟೀ ಸಿಕ್ತು, ಬದುಕಿರೋ ನನಗೆ ರೈಲೇ ಬರ್ಲಿಲ್ಲ!" ಎಂದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕೆಳಗೆ ನಾನು ಸ್ಟೂಲಿನಿಂದೆದ್ದು ಮೇಲಿನ ಹೆಜ್ಜೆ ಸದ್ದಿಗೆ ಕಿವಿಗೊಟ್ಟಿದ್ದೆ. ರಂಗ ಅರ್ಧದಲ್ಲಿ ತಟ್ಟನೆ ನಿಂತ ಆ ಗಳಿಗೆಯಲ್ಲೇ ಅವಳು ಎದ್ದು ನಡೆಯುತ್ತಿದ್ದಿದ್ದರೆ?

ಮರುದಿನ ಎಂಜಿನಿಯರಮ್ಮ ಬಂದು ಬೀಗದ ಕೈಯಿಂದ ಫಲಕದ ಬಣ್ಣ ಕೆರೆದರು. ಹದಿನೈದು ಎಂದಿತ್ತು. "ಹನ್ನೊಂದು ದಾಟಿದ್ರೆ ಮೋಟಾರ್ ಸುಟ್ಟುಹೋಗುತ್ತೆ ಅಂತ ಇದು ನಂಬಿತ್ತು ಸಾರ್. ನೀವು ಹೇಳಿದ್ದನ್ನೇ ಕೇಳಿದೆ, ಪಾಪ" ಎಂದರು. ನನ್ನ ಮುಖ್ಯ ಆಕ್ಷೇಪಣೆಯೇ ಇದು, ಮಹಾಶಯರೇ. ಹತ್ತೊಂಬತ್ತು ವರ್ಷಗಳಲ್ಲಿ ಈ ಮಂದಿರದಲ್ಲಿ ಯಾರೂ ನನ್ನ ಮಾತನ್ನು ಇಷ್ಟು ಭಕ್ತಿಯಿಂದ ಕೇಳಿದವರಲ್ಲ, ತಾವೇಕೆ ಕೇಳಿದಿರಿ? ಅವರು ಸರಿಯಾದ ಅಂಕಿ ಕೊಟ್ಟು ತಮಗೂ ಮೋಟಾರಿಗೂ ಪರಿಚಯ ಮಾಡಿಸಿದರು. ಇಬ್ಬರೂ ಒಂದು ನಿಮಿಷ ಗುಂಯ್‌ಗುಟ್ಟಿ ರಾಜಿಯಾದಿರಿ.

ಗುಂಡಿಯನ್ನು ಈಗ ಮೇಲೆ, ಪಕ್ಕದ ಪರದೆಯ ಮರೆಗೆ ತಂದಿದ್ದಾರೆ. ಅಂದು ಸಂಜೆ ನಾನು ಅಲ್ಲಿಂದಲೇ ಒತ್ತಿದೆ. ಅಷ್ಟೇ ಭಾರದೊಡನೆ ರಂಗ ಸದ್ದಿಲ್ಲದೆ ಸರಿಯಿತು. ಅಕ್ಕ ಬೆಂಚಿನಿಂದೆದ್ದು, ಊರುಗೋಲನ್ನು ಅಲ್ಲೇ ಬಿಟ್ಟು, ತಿರುಗುತ್ತಿರುವ ಹಲಗೆಗಳ ಮೇಲೆ ಏನನ್ನೂ ಹಿಡಿಯದೆ ಏಳು ಹೆಜ್ಜೆ ನಡೆದಳು. ನನ್ನತ್ತ ನೋಡಲೂ ಇಲ್ಲ. ಆಮೇಲೆ ಮರೆಗೆ ಬಂದು ನನ್ನ ಮುಖ ನೋಡಿ, "ಕಣ್ಣೊರೆಸ್ಕೊಳ್ಳೋ. ಮುಂದಿನ ದೃಶ್ಯಕ್ಕೆ ನೀನಲ್ದೆ ಇನ್ಯಾರು ಒತ್ತಬೇಕು?" ಎಂದಳು.

ತಾವಿಷ್ಟು ಸಜ್ಜನರಾಗಿರುವುದರಿಂದ ನನಗಾಗಿರುವ ತೊಂದರೆಗೆ ಪರಿಹಾರವಾಗಿ ಕೆಲವು ವಿನಂತಿಗಳಿವೆ. ನಾಯಕ ನಾಯಕಿಯರು ಈಗ ಮಾರು ದೂರ ನಿಲ್ಲುತ್ತಿರುವುದರಿಂದ ಪ್ರೇಮದೃಶ್ಯಕ್ಕೊಂದು ಜರ್ಕ್ ಮಂಜೂರು ಮಾಡಬೇಕು. ಬೆಳಗ್ಗೆ ಹಾಸಿಗೆ ಬಿಟ್ಟೇಳುವ ನನ್ನ ಸೊಂಟಕ್ಕೆ ತಮ್ಮ ನಿಧಾನದ ಕಸುವಿನಲ್ಲಿ ಕೊಂಚ ಕೊಡಬೇಕು. ತಮಗೆ ಹಿಂದಕ್ಕೂ ತಿರುಗಿಸಲು ಬರುತ್ತದೆಂದು ಕೇಳಿದ್ದೇನೆ. ಹಾಗಿದ್ದರೆ ಹೋದ ವರ್ಷದ ಆ ಒಂದು ಸಂಜೆಯವರೆಗೆ ತಿರುಗಿಸಿಕೊಡಬೇಕು.

ಒಲ್ಲದ ಮನಸ್ಸಿನಿಂದಲೇ ಆದರೂ,
ತಮ್ಮ ವಿಶ್ವಾಸಿ,
ರಂಗದ ಮೆಕ್ಯಾನಿಕ್

ತಾ.ಕ.: ತಮ್ಮ ಫ್ಯಾನಿನಲ್ಲಿ ಧೂಳು ಕೂತರೆ ತಾವು ಬಿಸಿಯೇರಿ ನಿಂತುಬಿಡುತ್ತೀರಂತೆ. ಒರೆಸುವ ಬಟ್ಟೆ ನನ್ನ ಕೈಯಲ್ಲಿದೆ ಎಂಬುದನ್ನು ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.