ಜಮೈಕಾದ ಎಕೋ, ತಾವರಗೇರಾದ ಹಂಡೆ

ಮೊದಲೇ ಕ್ಷಮಿಸಿಬಿಡಿ, ಇದನ್ನು ನಾನು ಸರಿಯಾಗಿ ಹೇಳಲಾರೆ. ನಾನು ಬರೆಯುವವನಲ್ಲ, ಗಂಗಾವತಿಯ ನಮ್ಮ ಸೋದರಮಾವನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಮಿಕ್ಸರ್ ಮುಂದೆ ಕೂರುವವನು. ಮಿಕ್ಸರ್ ಎಂದರೆ ದನಿಗಳನ್ನು ಏರಿಸಿ ಇಳಿಸುವ ಗುಂಡಿಗಳ ಹಲಗೆ. ಜಮೈಕಾ ದ್ವೀಪದ ಹಳೆಯ ಡಬ್ ರೆಗೆ ಸಂಗೀತದ ಆಲ್ಬಮ್ ಒಂದನ್ನು ಮೊಬೈಲಿನಲ್ಲಿ ಕೇಳಿದಾಗಿನಿಂದ ನನ್ನ ಕೆಲಸದಲ್ಲಿ ಒಂದಿಲ್ಲೊಂದು ಎಡವಟ್ಟು ಆಗುತ್ತಲೇ ಇದೆ. ಡಬ್ ಎಂದರೆ, ಹಾಡಿನಿಂದ ದನಿ ತೆಗೆದು ಡ್ರಮ್ಮು, ಬೇಸು ಉಳಿಸುವುದು. ಬೇಸ್ ಎಂದರೆ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುವುದು. ಆಮೇಲೆ ಯಾವುದೋ ಒಂದೇ ಪದವನ್ನು ಎಕೋದಲ್ಲಿ, ಅಂದರೆ ಮಾರ್ದನಿಯಲ್ಲಿ, ತೇಲಿಬಿಡುವುದು. ಹೇಳಿದರೆ ಇಷ್ಟೇ. ಕೇಳಿದರೆ ಹುಚ್ಚು ಹಿಡಿಯುತ್ತದೆ.

ಭಜನೆ

ಹಿಟ್ನಾಳದ ಭಜನಾ ಮೇಳದ ಹಿರಿಯ ಗಾಯಕರು ತಮ್ಮ ಹಾಡು ಕೇಳಲು ಹೆಂಡತಿಯೊಡನೆ ಬಂದರು. ನಾನು ಅವರ ದನಿ ಪೂರ್ತಿ ತೆಗೆದು ತಬಲಾ, ತಾಳ ಮಾತ್ರ ಉಳಿಸಿದ್ದೆ.

"ಇದರಾಗ ನಾ ಎಲ್ಲಿ ಅದೀನ್ರಿ?"

"ಇಲ್ರಿ. ನೀವು ಇಲ್ದಾಗ ನಿಮ್ಮ ಬೆಲಿ ಗೊತ್ತಾಕ್ಕೈತಿ, ಅದಕ್ಕ."

ಅವರು ಮಾವನ ಕಡೆ ತಿರುಗಿದರು. ಹೆಂಡತಿ ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಭಾಳ ಛಲೋ ಆಗೈತಿ. ಮನ್ಯಾಗೂ ಹಿಂಗ ಮಾಡಾಕ ಬರ್ತೈತೇನು, ತಮ್ಮಾ?"

ಆಟೋ

ಮಾವ ಅಂದೇ ಹೇಳಿದ: "ಇನ್ನೊಮ್ಮಿ ಮಂದಿ ದನಿ ಕಳದ್ಯಾ, ಕುಷ್ಟಗ್ಯಾಗ ನಿಮ್ಮ ಕಾಕಾನ ಬೀಜದ ಅಂಗಡ್ಯಾಗ ಕುಂದರಸ್ತೀನಿ." ನಾನು ಹೆದರಿ ದನಿ ತೆಗೆಯುವುದನ್ನು ಬಿಟ್ಟೆ. ಎಕೋ ಬಿಡಲಿಲ್ಲ.

ನಮ್ಮೂರಿನ ಸೀರೆ ಅಂಗಡಿಯ ಪ್ರಚಾರಕ್ಕೆ "ಬರ್ರಿ... ಬರ್ರಿ... ಬರ್ರಿ..." ಎಂದು ಎಕೋ ಹಾಕಿದೆ. ಅದನ್ನು ಮೈಕಿನಲ್ಲಿ ಹಾಕಿಕೊಂಡು ಊರು ಸುತ್ತುವ ಆಟೋದವನಿಗೆ ಇನ್ನೊಂದು ಆಟೋ ಅದನ್ನೇ ಕೂಗುತ್ತಾ ಬೆನ್ನು ಹತ್ತಿದೆ ಅನಿಸಿತು. ತಪ್ಪಿಸಿಕೊಳ್ಳಲು ಓಡಿಸಿದ, ಓಡಿಸಿದ, ಕನಕಗಿರಿ ಮುಟ್ಟಿದ. ಅವತ್ತು ಅಲ್ಲಿ ಸಂತೆ.

ಮರುದಿನ ಅಂಗಡಿಯವರು ಬಂದರು. "ಗಂಗಾವತ್ಯಾಗ ಒಂದು ನರಪಿಳ್ಳಿ ಕೇಳಿಲ್ಲ. ಕನಕಗಿರಿ ಮಂದಿ ಟಂಟಂ ಗಾಡಿ ತುಂಬಿ ಬರಾಕತ್ತಾರ. ಏನ್ ಮಾಡೀರಿ?" ಬೈಯಬೇಕೋ ಹೊಗಳಬೇಕೋ ತಿಳಿಯದೆ ಚಹಾ ಕುಡಿದು ಹೋದರು.

ಹಂಡೆ

ತಾವರಗೇರಾದಲ್ಲಿ ಮಾವನ ತಂಗಿಯ ಮಗಳ ಮದುವೆ. ಮೈಕು ನಮ್ಮದು. ನಮ್ಮಲ್ಲಿ ಯಾರು ಏನು ಆಯೇರಿ ಮಾಡಿದರು, ಅಂದರೆ ಏನು ಉಡುಗೊರೆ ಕೊಟ್ಟರು ಎಂದು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಮಾವ ಮೊದಲೇ ಎಚ್ಚರಿಸಿದ್ದ: "ಬೀಗರೆಲ್ಲಾ ಅದಾರ. ಇವತ್ತ ಮಾನ ಹೋದ್ರ ನಾಳೆ ನೀ ಕುಷ್ಟಗ್ಯಾಗ."

ಅವನ ಹೆಸರು ಬಂದಾಗ, ಪ್ರೀತಿಗೆ, ನನ್ನ ಬೆರಳು ತಾನಾಗಿ ಗುಂಡಿಗೆ ಹೋಯಿತು. "ಸೋದರಮಾವನಿಂದ ತಾಮ್ರದ ಹಂಡೆ... ಹಂಡೆ... ಹಂಡೆ... ಹಂಡೆ..."

ಹಿಂದೆ ಕೂತವರು ಬೆರಳು ಮಡಚಿ ಎಣಿಸಿದರು. ವರನ ತಾಯಿ ವೇದಿಕೆ ಹತ್ತಿ ಹುಡುಕಿದರು. "ಒಂದಾ ಕಾಣತೈತಲ್ರಿ ಅಣ್ಣಾರ. ಉಳದವು ಎಲ್ಲಿ?"

ಮಾವ ನನ್ನನ್ನು ನೋಡಿದ. ಬೀಗರನ್ನು ನೋಡಿದ. ಮೀಸೆ ತಿರುವಿ ಅಂದ: "ಹಿಂದ ಟೆಂಪೋದಾಗ ಬರ್ತಾವ್ರಿ."

ವಾಪಸು ಬರುವಾಗ ನಾನು ಮನಸ್ಸಿನಲ್ಲೇ ಬೀಜದ ಚೀಲ ಹೊಲಿಯುತ್ತಿದ್ದೆ. ಕನಕಗಿರಿ ದಾಟಿದ ಮೇಲೆ ಮಾವ ಅಂದ: "ಆ ಗುಂಡಿ ಜ್ವಾಕಿಯಿಂದ ಇಡು. ನನ್ನ ಮಗಳ ಮದಿವಿ ಬರ್ತೈತಿ. ಆವಾಗ ಬೀಗರು ಆಯೇರಿ ಮಾಡತಾರಲ್ಲ, ಹಾಕು. ನಾ ಮಾಡುವಾಗ ಮುಟ್ಟಬ್ಯಾಡ."

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಡಬ್‌ನಲ್ಲಿ ಎಕೋ ಬಿಡುವುದು ಸುಲಭ, ನಿಲ್ಲಿಸುವುದು ಕಷ್ಟ. ಏಕೆಂದರೆ ಹೊರಗೆ ಬಂದ ದನಿಯನ್ನೇ ಮತ್ತೆ ಒಳಗೆ ಕಳಿಸುತ್ತೇವೆ, ಅದು ತಿರುಗಿ ಬರುವಾಗ...

ಮಾವ ಕೆಳಗಿನಿಂದ ಕೂಗುತ್ತಿದ್ದಾನೆ. "ಬರಿಯೋದು ಸಾಕು, ಇಳದು ಬಾರಲೇ. ಟೆಂಪೋ ಬಂದೈತಿ, ಉಳದ ಮೂರು ಹಂಡೆ ಏರಸಬೇಕು."