ಆಂಪ್ಲಿಫೈಯರ್ ಆಯ್ಕೆಯಾಗುವ ತನಕ

ನನ್ನ ಹೆಂಡತಿ ಮಾತು ಬಿಟ್ಟಿದ್ದರೆ ನಾನು ಹೆದರುತ್ತಿರಲಿಲ್ಲ. ಅದು ಎಲ್ಲ ಸಂಸಾರಗಳಲ್ಲೂ ಆಗಾಗ ಬಂದು ಹೋಗುವ ಸುಖ. ಅವಳು ಬಿಟ್ಟದ್ದು ಗುನುಗುವುದನ್ನು. ಅದೂ ನನ್ನ ಅಪ್ಪಣೆಯ ಮೇರೆಗೆ. ಮದುವೆಯಾದಾಗಿನಿಂದ ಅವಳು ಪಾಲಿಸಿದ ನನ್ನ ಮೊದಲ ಅಪ್ಪಣೆ ಇದೇ ಆದ್ದರಿಂದ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಎಲ್ಲಕ್ಕೂ ಮೂಲ ನಮ್ಮ ನಡುಮನೆಯಲ್ಲಿ ನಿಂತಿರುವ ಎರಡು ಸ್ಪೀಕರುಗಳು. ಸಾಮಾನ್ಯದವಲ್ಲ, ಎಲೆಕ್ಟ್ರೋಸ್ಟ್ಯಾಟಿಕ್! ಪೆಟ್ಟಿಗೆಯಿಲ್ಲ, ಹೊಟ್ಟೆಯಿಲ್ಲ, ಬಾಗಿಲಿನಷ್ಟು ಎತ್ತರದ ಚೌಕಟ್ಟು, ಎರಡು ಜಾಲರಿ, ನಡುವೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಹಾಳೆ. ಆ ಹಾಳೆ ನಡುಗಿದರೆ ಗಂಧರ್ವಲೋಕವೇ ಇಳಿದು ಬರುತ್ತದಂತೆ. ಸೌಂಡ್ ಸಿಸ್ಟಂ ಅಂಗಡಿ ಇಟ್ಟಿರುವ ನನ್ನ ಭಾವಮೈದ, ಮುಚ್ಚಿಹೋದ ಯಾವುದೋ ಸ್ಟುಡಿಯೋದಿಂದ ತಂದುಕೊಟ್ಟದ್ದು. ಗೋಡೆಗೆ ಒರಗಿಸುವಂತಿಲ್ಲವಾದ್ದರಿಂದ ಅವುಗಳ ಹಿಂದೆ ಒಂದು ಓಣಿಯೇ ಆಗಿದೆ. ಹೆಂಡತಿ ಬಟ್ಟೆ ಮಡಚುವ ಮಂಚ ಆ ಓಣಿಗೆ ಸೇರಿಹೋಯಿತು.

"ಮನೆಯೊಳಗೇ ಮತ್ತೆರಡು ಬಾಗಿಲು ನಿಲ್ಲಿಸಿದ್ದೀರಲ್ಲ, ಬೀಗ ಎಲ್ಲಿ ಹಾಕ್ಲಿ?" ಎಂದಳು.

ಬೀಗ ಬಿದ್ದದ್ದು ಅವಳ ಬಾಯಿಗೆ. ಈ ಸ್ಪೀಕರುಗಳಿಗೆ ಕಂಡಕಂಡ ಆಂಪ್ಲಿಫೈಯರ್ ಒಗ್ಗುವುದಿಲ್ಲ. ಸ್ವರ ಮೇಲೇರಿದಷ್ಟೂ ಇವು ಕರೆಂಟನ್ನು ಜಗ್ಗಿ ಎಳೆಯುತ್ತವೆ. ಬಡಪಾಯಿ ಆಂಪ್ಲಿಫೈಯರ್ ನಡುದಾರಿಯಲ್ಲೇ ಕೈಚೆಲ್ಲುತ್ತದೆ. ಆದ್ದರಿಂದ ಸೂಕ್ಷ್ಮವಾಗಿ ಕೇಳಿ ಆರಿಸಬೇಕು. ಸೂಕ್ಷ್ಮವಾಗಿ ಕೇಳಲು ನಿಶ್ಶಬ್ದ ಬೇಕು. ಹಲ್ಲುಜ್ಜುವ ಹೊತ್ತೊಂದು ಬಿಟ್ಟು ಮಿಕ್ಕೆಲ್ಲ ಹೊತ್ತೂ ಗುನುಗುವ ಹೆಂಡತಿಯಿರುವ ಮನೆಯಲ್ಲಿ ಅದೆಲ್ಲಿಂದ ಬರಬೇಕು?

"ಆಂಪ್ಲಿಫೈಯರ್ ಆಯ್ಕೆಯಾಗುವ ತನಕ ಈ ಮನೆಯಲ್ಲಿ ಯಾರೂ ಗುನುಗತಕ್ಕದ್ದಲ್ಲ!" ಎಂದು ಘೋಷಿಸಿದೆ. (ಯಾರೂ ಎಂದರೆ ಅವಳು. ನಾನು ಗುನುಗಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ.)

ಅವಳು ನನ್ನ ಮುಖವನ್ನೇ ನೋಡಿದಳು. "ಹಾಗಾದ್ರೆ ಬೇಗ ಆರಿಸಿ. ಬಾಯಿ ಮುಚ್ಕೊಂಡು ಕೆಲಸ ಮಾಡಿದ್ರೆ ನನಗೆ ಉಸಿರು ಕಟ್ಟುತ್ತೆ," ಎಂದಳು. ಅಂದಿನಿಂದ ಮನೆ ಗಪ್‌ಚುಪ್. ಅಡುಗೆಯಲ್ಲಿ ಒಂದು ದಿನ ಉಪ್ಪು ಮರೆತಿರುತ್ತಿತ್ತು, ಇನ್ನೊಂದು ದಿನ ಎರಡು ಸಲ ಬಿದ್ದಿರುತ್ತಿತ್ತು.

ಬೇಗ ಆರಿಸುವುದು ಹೇಗೆ? ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ದಿನವಿಡೀ ಗಾಜು ಬದಲಿಸುತ್ತಾ "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಕೇಳುವುದೇ ನನ್ನ ಕಸುಬು. "ಎರಡೂ ಒಂದೇ ಥರ ಇದೆ ಸಾರ್" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗ ಭಾವಮೈದ ಆಂಪ್ಲಿಫೈಯರ್ ಬದಲಿಸಿ ಬದಲಿಸಿ ಅದೇ ಪ್ರಶ್ನೆಯನ್ನು ನನಗೆ ಕೇಳುತ್ತಿದ್ದ. ನನಗೋ, ದೇವರಾಣೆಗೂ, ಎಲ್ಲವೂ ಒಂದೇ ಥರ ಕೇಳುತ್ತಿತ್ತು! ಬಾಯಿಬಿಟ್ಟು ಹೇಳಲು ಮಾನ ಅಡ್ಡ ಬಂತು. "ಗಾಂಭೀರ್ಯವೇನೋ ಇದೆ, ಆರ್ದ್ರತೆ ಸಾಲದು," ಎಂದು ಒಂದೊಂದನ್ನೇ ವಾಪಸು ಕಳಿಸುತ್ತಿದ್ದೆ.

ಕಳೆದ ಭಾನುವಾರ ಅವನು ಏದುಸಿರು ಬಿಡುತ್ತಾ ಮತ್ತೊಂದನ್ನು ಹೊತ್ತು ತಂದ. "ಭಾವ, ನನ್ನ ಅಂಗಡೀಲಿ ಇರೋದು ಇದೇ ಕೊನೇದು. ಇದೂ ಬೇಡ ಅಂದ್ರೆ ನೀವೇ ಹಾಡ್ಕೋಬೇಕು."

ನಾನು ಸ್ಪೀಕರುಗಳ ಎದುರು, ಸರಿಯಾಗಿ ಮಧ್ಯದ ಕುರ್ಚಿಯಲ್ಲಿ, ಕಣ್ಣು ಮುಚ್ಚಿ ತಪಸ್ಸಿಗೆ ಕುಳಿತೆ. ಹಳೆಯ ಕಾಲದ ಗಾಯಕಿಯೊಬ್ಬರ ಹಾಡು ಶುರುವಾಯಿತು. ಪಿಟೀಲು, ಕೊಳಲು, ಕಂಠ, ಎಲ್ಲ ಯಥಾಪ್ರಕಾರ. ಹಾಡು ಮೇಲಕ್ಕೇರಿತು. 'ಟಕ್' ಎಂದು ಏನೋ ಸದ್ದಾಯಿತು. ಒಂದು ಗಳಿಗೆ ಬಿಟ್ಟು ಹಾಡು ಮುಂದುವರಿಯಿತು, ಆದರೆ ಈಗ ಪಿಟೀಲಿಲ್ಲ, ಕೊಳಲಿಲ್ಲ, ಬರೀ ಕಂಠ. ಅದೂ ಎಂಥ ಕಂಠ! ಉಸಿರೆಳೆದುಕೊಂಡದ್ದು ಸಹ ಕೇಳಿಸಿತು. ಒಂದು ಕಡೆ ಸ್ವರ ತುಸು ಬಿರುಕು ಬಿಟ್ಟಿತು. ಆ ಬಿರುಕೇ ನನ್ನ ಎದೆಗೆ ತಾಗಿತು.

"ಇದೇ ಕಣೋ!" ಎಂದು ಕಣ್ಣು ತೆರೆಯದೆಯೇ ಕೂಗಿದೆ. "ವಾದ್ಯಗಳನ್ನೆಲ್ಲ ಹೇಗೆ ಪಕ್ಕಕ್ಕೆ ಸರಿಸಿಬಿಟ್ಟಿದೆ ನೋಡು! ಆಕೆ ಇಲ್ಲೇ, ಈ ಕೋಣೇಲೇ ಇದ್ದ ಹಾಗಿದೆ!"

"ಇದ್ದ ಹಾಗೇನು, ಇದ್ದಾಳಲ್ಲ ಭಾವ! ಅಕ್ಕ ಹಾಡ್ತಿರೋದು. ಆಂಪ್ಲಿಫೈಯರ್ ಆಗಲೇ ಸುಸ್ತಾಗಿ ಆಫ್ ಆಯ್ತು," ಎಂದ ಭಾವಮೈದ.

ಕಣ್ಣು ತೆರೆದೆ. ಜಾಲರಿಯಾಚೆ, ಓಣಿಯ ಮಂಚದ ಮೇಲೆ ನನ್ನ ಅಂಗಿ ಮಡಚುತ್ತಾ ಹೆಂಡತಿ ಹಾಡುತ್ತಿದ್ದಳು. ಹಾಡು ಅರ್ಧಕ್ಕೆ ನಿಂತದ್ದನ್ನು ತಾಳಲಾರದೆ ಅವಳ ಬಾಯಿ ತಾನಾಗಿಯೇ ಅದನ್ನು ಎತ್ತಿಕೊಂಡಿತ್ತು. ನಾನು ನೋಡಿದ್ದೇ ತಡ, ತಪ್ಪು ಮಾಡಿದವಳಂತೆ ನಾಲಗೆ ಕಚ್ಚಿಕೊಂಡು ನಿಲ್ಲಿಸಿಬಿಟ್ಟಳು.

ಹಾಗೆ ನಿಲ್ಲಿಸಿದ್ದು ನನ್ನನ್ನು ಚುಚ್ಚಿತು. ಇಷ್ಟು ವರ್ಷ ಆ ದನಿ ನಲ್ಲಿಯ ನೀರು, ಪಾತ್ರೆಯ ಸದ್ದುಗಳ ಜೊತೆ ಬಂದು ಹೋಗುತ್ತಿತ್ತು. ಒಂದು ದಿನವೂ ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೇಳಿರಲಿಲ್ಲ. ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಭಾವಮೈದ ಇರುವುದನ್ನೂ ಮರೆತೆ. "ನಿಲ್ಲಿಸ್ಬೇಡ ಕಣೇ, ಪೂರ್ತಿ ಹಾಡು," ಎಂದೆ.

"ಅದು ಹೇಗಾಗುತ್ತೆ?" ಅವಳು ಅಂಗಿಯ ಕಾಲರು ನೇವರಿಸುತ್ತಾ ಕೇಳಿದಳು. "ಆಂಪ್ಲಿಫೈಯರ್ ಇನ್ನೂ ಆಯ್ಕೆ ಆಗಿಲ್ವಲ್ಲ."

"ಆಯ್ತು! ಈಗಲೇ ಆಯ್ತು!" ಅವಳ ಮೇಲಿಂದ ಕಣ್ಣು ತೆಗೆಯದೆ, ಭಾವಮೈದನ ಕಾಲ ಬಳಿಯಿದ್ದ ಪೆಟ್ಟಿಗೆಯ ಕಡೆ ಬೆರಳು ತೋರಿಸಿದೆ. "ಇದೇ ಇರಲಿ. ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ."

ಭಾವಮೈದ ಗಂಟಲು ಸರಿಮಾಡಿಕೊಂಡ. "ಭಾವ, ಅದು ನನ್ನ ಸ್ಕ್ರೂಡ್ರೈವರ್ ಡಬ್ಬಿ."

"ಪರವಾಗಿಲ್ಲ, ಅದನ್ನೇ ಇಟ್ಟು ಹೋಗು," ಎಂದೆ.

ಓಣಿಯಿಂದ ಮೊದಲು ನಗು ಬಂತು, ಆಮೇಲೆ ಹಾಡು.